ಎತ್ತೋದು ಸುಲಭ, ಇಡೋದೇ ಕಷ್ಟ

ಫೋರ್ಕ್‌ಲಿಫ್ಟ್ (ಮುಂದಿನ ಎರಡು ಕಬ್ಬಿಣದ ತೋಳು, ಅಂದರೆ ಫೋರ್ಕಿನ ಮೇಲೆ ಭಾರ ಎತ್ತುವ ಗಾಡಿ) ಓಡಿಸಲು ಬರುತ್ತದೆ ಅಂತ ಹೇಳಿಕೊಂಡು ಬರುವ ಹುಡುಗರಿಗೆ ನಾನು ಮೊದಲ ದಿನ ಕೀ ಕೊಡುವುದಿಲ್ಲ. ನಮ್ಮ ಗೋಡೌನಿನ ಹಿಂದೆ ಮಾಲು ಪೇರಿಸಿಡುವ ಚಪ್ಪಟೆ ಮಣೆಗಳ, ಅಂದರೆ ಹಳೇ ಪ್ಯಾಲೆಟ್‌ಗಳ ರಾಶಿ ಇದೆ. ಅಲ್ಲಿಗೆ ಕರೆದುಕೊಂಡು ಹೋಗಿ, "ಇದರಲ್ಲಿ ಯಾವುದರ ಮೇಲೆ ಒಂದು ಟನ್ ಇಡ್ತೀಯಾ, ಆರಿಸು" ಅನ್ನುತ್ತೇನೆ. ಮೇಲಿನ ಹಲಗೆ ನೆಟ್ಟಗಿರುವುದನ್ನು ನೋಡಿ ಆರಿಸುವವರೇ ಜಾಸ್ತಿ. ಬಗ್ಗಿ ಅಡಿಭಾಗ ನೋಡುವವನು ಅಪರೂಪ. ಅಂಥವನು ಸಿಕ್ಕರೆ ಉಳಿದದ್ದು ಕಲಿಸುವುದು ನನಗೆ ಸಲೀಸು.

ನಾನಿರುವುದು ದಾಬಸ್‌ಪೇಟೆ ಹತ್ತಿರ, ಸೋಂಪುರ ಇಂಡಸ್ಟ್ರಿಯಲ್ ಏರಿಯಾ ಕಡೆ. ನೆಲಮಂಗಲ ದಾಟಿದ ಮೇಲೆ ತುಮಕೂರು ರಸ್ತೆಯ ಎರಡೂ ಬದಿ ಈಗ ಗೋಡೌನ್‌ಗಳೇ, ನೋಡಿರುತ್ತೀರಿ. ಅಕ್ಕಿ, ಎಣ್ಣೆ, ಸೋಪು, ಡ್ರಮ್ಮು, ಏನು ಬಂದರೂ ನಮ್ಮದು ಇಳಿಸಿ ಇಡುವ, ಮತ್ತೆ ತೆಗೆದು ತುಂಬುವ ಕೆಲಸ. ನಾನು ಗೋಡೌನಿಗೆ ಸೇರಿದ್ದು ಹಮಾಲರ ಲೆಕ್ಕ ಬರೆಯೋಕೆ. ಆಮೇಲೆ ಆಪರೇಟರ್ ಆದೆ. ಈಗ ಶಿಫ್ಟ್ ನೋಡಿಕೊಳ್ಳುತ್ತೇನೆ, ಹೊಸಬರಿಗೆ ಕಲಿಸುತ್ತೇನೆ.

ಈ ಕೆಲಸದಲ್ಲಿ ಎಲ್ಲರ ಕಣ್ಣೂ ಮೇಲೆ ಏರುತ್ತಿರುವ ಲೋಡಿನ ಕಡೆಗೇ ಇರುತ್ತದೆ. ನನ್ನ ತಕರಾರು ಅದೇ. ಮೇಲೆ ಹೋಗುವುದನ್ನು ಹೊರಬೇಕಾದದ್ದು ಕೆಳಗೆ ಇದೆಯಲ್ಲ, ಅದನ್ನು ಯಾರೂ ನೋಡುವುದಿಲ್ಲ. ಕೆಳಗಿನ ಪ್ಯಾಲೆಟ್, ಕೆಳಗಿನ ಪೆಟ್ಟಿಗೆ, ಕೆಳಗಿನ ನೆಲ, ಮಾಲು ಇಡುವ ಕಬ್ಬಿಣದ ಅಟ್ಟಣಿಗೆ ಅಂದರೆ ರ‍್ಯಾಕಿನ ಬೀಮು. ನಾನು ಕಂಡ ಅನಾಹುತಗಳಲ್ಲಿ ಹೆಚ್ಚಿನವು ಅಲ್ಲೇ ಶುರುವಾದವು.

ಪ್ಯಾಲೆಟ್ಟನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಜಾಸ್ತಿ ಬರುವುದು 1200 ಮಿ.ಮೀ.ಗೆ 1000 ಮಿ.ಮೀ. ಅಳತೆಯದು. ಮರದ್ದಾದರೆ ಮೇಲೆ ಹಲಗೆಗಳು, ಮಧ್ಯೆ ಒಂಬತ್ತು ಗಟ್ಟಿ ಅಂದರೆ ದಪ್ಪ ಮರದ ತುಂಡು, ಅಡಿಯಲ್ಲಿ ಮತ್ತೆ ಪಟ್ಟಿ. ಈ ಗಟ್ಟಿಗಳೇ ಅದರ ಕಾಲು. ಅವಸರದ ಆಪರೇಟರ್ ಫೋರ್ಕನ್ನು ಸ್ವಲ್ಪ ಓರೆಯಾಗಿ ನುಗ್ಗಿಸಿದರೆ ಮೊದಲ ಪೆಟ್ಟು ಬೀಳುವುದು ನಡುವಿನ ಗಟ್ಟಿಗೆ. ಅದು ಒಡೆಯುವುದಿಲ್ಲ, ತಿರುಗುತ್ತದೆ. ಮೊಳೆಯ ಮೇಲೆ ಒಂಚೂರು ತಿರುಗಿ ನಿಂತಿರುತ್ತದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮೇಲೆ ಲೋಡ್ ಬಿದ್ದು, ಅದರ ಮೇಲೆ ಇನ್ನೊಂದು ಬಿದ್ದು, ಒಂದೆರಡು ದಿನ ಕಳೆದ ಮೇಲೆ ಆ ಮೂಲೆ ನಿಧಾನಕ್ಕೆ ಕೂರಲು ಶುರು ಮಾಡುತ್ತದೆ. ಇಡುವಾಗ ನೆಟ್ಟಗಿದ್ದ ಸ್ಟ್ಯಾಕ್ ಬೆಳಿಗ್ಗೆ ಬಂದು ನೋಡಿದರೆ ವಾಲಿರುತ್ತದೆ. ಆಗ ಎಲ್ಲರೂ ಕೇಳುವುದು "ಯಾರಪ್ಪ ಓರೆ ಇಟ್ಟವನು" ಅಂತ. ಇಟ್ಟವನು ನೆಟ್ಟಗೇ ಇಟ್ಟಿದ್ದ. ನೋಡದೇ ಇಟ್ಟಿದ್ದ, ಅಷ್ಟೆ.

ಎಕ್ಸ್‌ಪೋರ್ಟ್ ಪ್ಯಾಲೆಟ್ ಮೇಲೆ ಗೋಧಿ ತೆನೆ ಚಿತ್ರದ ಒಂದು ಮುದ್ರೆ ಇರುತ್ತದೆ, ಪಕ್ಕದಲ್ಲಿ ಎಚ್‌ಟಿ ಅಂತ. ಅದನ್ನು ನೋಡಿ "ಇದು ಸ್ಟ್ರಾಂಗ್ ಸಾರ್, ಫಾರಿನ್ ಕ್ವಾಲಿಟಿ" ಅನ್ನುವವರಿದ್ದಾರೆ. ಅದು ಮರದ ನಡುಭಾಗದವರೆಗೂ 56 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು 30 ನಿಮಿಷ ಹಿಡಿದು ಹುಳ ಸಾಯಿಸಿದ್ದಾರೆ ಅನ್ನುವ ಗುರುತು. ಬಲಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ಲಾಸ್ಟಿಕ್ ಪ್ಯಾಲೆಟ್ ತಯಾರಿಸುವವರು ಮೂರು ತೂಕ ಕೊಟ್ಟಿರುತ್ತಾರೆ. ನೆಲದ ಮೇಲೆ ಕೂತಾಗ ಎಷ್ಟು, ಫೋರ್ಕ್ ಮೇಲೆ ಇದ್ದಾಗ ಎಷ್ಟು, ರ‍್ಯಾಕಿನ ಎರಡು ಬೀಮುಗಳ ಮೇಲೆ ನಿಂತಾಗ ಎಷ್ಟು. ಸಾಮಾನ್ಯವಾಗಿ ಮೂರನೆಯದೇ ಎಲ್ಲಕ್ಕಿಂತ ಕಡಿಮೆ. ಖರೀದಿ ಮಾಡುವವರು ಮೊದಲನೆಯ ಅಂಕಿ ನೋಡಿ ಆರ್ಡರ್ ಹಾಕುತ್ತಾರೆ. ನಾವು ಅದನ್ನು ರ‍್ಯಾಕಿಗೆ ಹಾಕುತ್ತೇವೆ. ಪ್ಯಾಲೆಟ್ ನಡು ಬಾಗಿ ಜೋತು ಬಿದ್ದ ಮೇಲೆ ಪೇಪರ್ ಹುಡುಕುತ್ತಾರೆ.

ಇನ್ನು ಗಾಡಿ. ಗಾಡಿಯ ಮೇಲೆ 2.5 ಟನ್ ಅಂತ ದೊಡ್ಡದಾಗಿ ಬರೆದಿರುತ್ತದೆ. ಹೊಸಬರು 2.5 ಟನ್ ಎತ್ತುತ್ತದೆ ಅಂತ ನಂಬಿಬಿಡುತ್ತಾರೆ. ಎತ್ತುತ್ತದೆ, ಆದರೆ ಲೋಡಿನ ಭಾರದ ನಡು ಫೋರ್ಕಿನ ಬುಡದಿಂದ 500 ಮಿ.ಮೀ. ಒಳಗೆ ಇದ್ದರೆ ಮಾತ್ರ. ಇದನ್ನು ಲೋಡ್ ಸೆಂಟರ್ ಅನ್ನುತ್ತಾರೆ, ಸೀಟಿನ ಹತ್ತಿರ ಇರುವ ಪ್ಲೇಟಿನಲ್ಲಿ ಬರೆದಿರುತ್ತದೆ. ನಮ್ಮ ಊರ ಕಡೆ ಹಿಂದೆ ಬಾವಿಗೆ ಏತ ಇರುತ್ತಿತ್ತಲ್ಲ, ಒಂದು ಕಡೆ ಬಾನಿ, ಇನ್ನೊಂದು ಕಡೆ ಕಲ್ಲು, ನಡುವೆ ಕಂಬ. ಫೋರ್ಕ್‌ಲಿಫ್ಟ್ ಕೂಡ ಅದೇ. ಮುಂದಿನ ಚಕ್ರವೇ ಕಂಬ, ಹಿಂದಿನ ಎರಕದ ಗುಂಡೇ ಕಲ್ಲು. ಬಾನಿ ಕಂಬದಿಂದ ದೂರ ಹೋದಷ್ಟೂ ಅದೇ ಕಲ್ಲು ಸಾಲದು.

ಲೆಕ್ಕ ಹಾಕಿ ನೋಡಿ. ಮುಂದಿನ ಆಕ್ಸಲ್ಲಿನಿಂದ ಫೋರ್ಕಿನ ಬುಡಕ್ಕೆ 450 ಮಿ.ಮೀ. ಅಂತ ಇಟ್ಟುಕೊಳ್ಳಿ. ಲೋಡ್ ಸೆಂಟರ್ 500 ಆದರೆ ಒಟ್ಟು 950. ಪ್ಯಾಲೆಟ್ಟಿನ 1200ರ ಉದ್ದಕ್ಕೆ ಫೋರ್ಕ್ ಹಾಕಿದರೆ ಭಾರದ ನಡು 600ಕ್ಕೆ ಹೋಗುತ್ತದೆ, ಒಟ್ಟು 1050. 2500ನ್ನು 950ರಿಂದ ಗುಣಿಸಿ 1050ರಿಂದ ಭಾಗಿಸಿದರೆ ಸುಮಾರು 2260 ಕೆ.ಜಿ. ಅಂದರೆ ಪ್ಯಾಲೆಟ್ಟನ್ನು ಯಾವ ಕಡೆಯಿಂದ ಎತ್ತಿದೆ ಅನ್ನುವುದರಲ್ಲೇ ಎರಡು ಕ್ವಿಂಟಲ್‌ಗೂ ಜಾಸ್ತಿ ಹೋಯಿತು. ಲೋಡ್ ಫೋರ್ಕಿನ ಬುಡಕ್ಕೆ ತಾಗದೆ ಒಂದು ಗೇಣು ದೂರ ನಿಂತರೆ ಇನ್ನೂ ಹೋಯಿತು. ಫೋರ್ಕನ್ನು ಮೇಲೇರಿಸುವ ಮುಂದಿನ ಕಂಬ, ಅಂದರೆ ಮಾಸ್ಟ್, ತುಂಬಾ ಮೇಲೆ ಏರಿದರೆ ಮತ್ತೆ ಕಡಿಮೆ. ಫೋರ್ಕನ್ನು ಪಕ್ಕಕ್ಕೆ ಸರಿಸುವ ಸೈಡ್ ಶಿಫ್ಟರ್, ಮಾಲು ಅವುಚಿ ಹಿಡಿಯುವ ಕ್ಲ್ಯಾಂಪ್ ಹಾಕಿಸಿದ್ದರೆ ಅದಕ್ಕೂ ಕಡಿತ ಇದೆ. ಈ ಗುಣಾಕಾರ ಅರ್ಥವಾಗಲಿ ಅಂತ ಹೇಳಿದ್ದು. ಕೆಲಸಕ್ಕೆ ಪ್ಲೇಟಿನಲ್ಲಿ ಇರುವ ಅಂಕಿಯೇ ಕೊನೆ ಮಾತು. ಪ್ಲೇಟ್ ಮೇಲೆ ಪೇಂಟ್ ಬಿದ್ದು ಓದೋಕೆ ಬರುವುದಿಲ್ಲ ಅಂದರೆ ಆ ಗಾಡಿ ಎಷ್ಟು ಎತ್ತುತ್ತದೆ ಅಂತ ಯಾರಿಗೂ ಗೊತ್ತಿಲ್ಲ ಅಂತಲೇ ಅರ್ಥ.

ಈಗ ಹೊಸದೊಂದು ಶುರುವಾಗಿದೆ. ಹಳೇ ಬ್ಯಾಟರಿ ಗಾಡಿಗೆ ಲೆಡ್ ಬ್ಯಾಟರಿ ತೆಗೆದು ಲಿಥಿಯಂ ಹಾಕಿಸುವುದು. ಚಾರ್ಜಿಂಗ್ ಬೇಗ, ನೀರು ಹಾಕುವ ತಲೆನೋವಿಲ್ಲ, ಎಲ್ಲ ಸರಿ. ಆದರೆ ಲಿಥಿಯಂ ಹಗುರ. ಬ್ಯಾಟರಿ ಗಾಡಿಯಲ್ಲಿ ಬ್ಯಾಟರಿಯ ತೂಕವೂ ಹಿಂದಿನ ಗುಂಡಿನ ಪಾಲು. ಅದಕ್ಕೇ ಪ್ಲೇಟಿನಲ್ಲಿ ಬ್ಯಾಟರಿ ಕನಿಷ್ಠ ಎಷ್ಟು ತೂಕ ಇರಬೇಕು ಅಂತ ಬರೆದಿರುತ್ತಾರೆ. ಕಡಿಮೆಯಾದಷ್ಟು ಕಬ್ಬಿಣ ಸೇರಿಸಬೇಕು. ಗಾಡಿ ಕೊಟ್ಟ ಕಂಪನಿಯನ್ನು ಕೇಳದೆ ಇದನ್ನೆಲ್ಲ ಮಾಡಿಸುವವರಿಗೆ ನಾನಂತೂ ಕೈ ಮುಗಿಯುತ್ತೇನೆ.

ಪಕ್ಕಕ್ಕೆ ಮಗುಚುವ ವಿಷಯ ಬೇರೆ. ಗಾಡಿಗೆ ನಾಲ್ಕು ಚಕ್ರ ಕಂಡರೂ ಅದು ನಿಂತಿರುವುದು ಮೂರು ಕಡೆ. ಮುಂದಿನ ಎರಡು ಚಕ್ರ, ಹಿಂದಿನ ಆಕ್ಸಲ್ಲಿನ ನಡುವಿನ ಪಿನ್ನು. ಗಾಡಿ ಮತ್ತು ಲೋಡ್ ಎರಡರ ಭಾರದ ನಡು ಈ ತ್ರಿಕೋನದ ಒಳಗೇ ಇರಬೇಕು. ಲೋಡ್ ಮೇಲಿದ್ದಾಗ ತಿರುಗಿಸಿದರೆ ಅದು ಪಕ್ಕಕ್ಕೆ ಹೊರಟುಬಿಡುತ್ತದೆ. ಆದ್ದರಿಂದ ಓಡಾಡುವಾಗ ಫೋರ್ಕ್ ನೆಲದಿಂದ 15 ರಿಂದ 20 ಸೆಂ.ಮೀ. ಎತ್ತರದಲ್ಲಿ, ಮಾಸ್ಟ್ ಹಿಂದಕ್ಕೆ ವಾಲಿಸಿ. ಮೇಲೆತ್ತುವುದು ಇಡುವ ಜಾಗದ ಎದುರು ಬಂದು ನಿಂತ ಮೇಲೆ. ರ‍್ಯಾಂಪ್ ಹತ್ತುವಾಗ ಲೋಡ್ ಮುಂದೆ, ಇಳಿಯುವಾಗ ರಿವರ್ಸ್. ಲೋಡ್ ಯಾವಾಗಲೂ ಏರಿನ ಕಡೆಗೆ. ಖಾಲಿ ಇದ್ದರೆ ಉಲ್ಟಾ, ಫೋರ್ಕ್ ಇಳಿಜಾರಿನ ಕಡೆಗೆ. ಇವೆಲ್ಲ ಟ್ರೈನಿಂಗಿನಲ್ಲಿ ಹೇಳಿಕೊಡುತ್ತಾರೆ, ನಾನು ಉದ್ದ ಎಳೆಯುವುದಿಲ್ಲ.

ಯಾರೂ ಸರಿಯಾಗಿ ಹೇಳಿಕೊಡದೇ ಇರುವುದು ಕೊನೆಯ ಒಂದು ಅಡಿ.

ನೀವು ಎರಡನೇ ಹಂತಕ್ಕೆ ಪ್ಯಾಲೆಟ್ ಇಡಬೇಕು ಅಂತಿಟ್ಟುಕೊಳ್ಳಿ. ಸ್ಟ್ಯಾಕಿನ ಎದುರು ಒಂದಡಿ ಬಿಟ್ಟು ನೆಟ್ಟಗೆ ನಿಲ್ಲಬೇಕು. ಓರೆ ನಿಂತು ಆಮೇಲೆ ಸ್ಟೇರಿಂಗಿನಲ್ಲಿ ಸರಿ ಮಾಡಿಕೊಳ್ಳುತ್ತೇನೆ ಅನ್ನುವುದು ಬೇಡ. ಗಾಡಿಯ ಸ್ಟೇರಿಂಗ್ ಹಿಂದಿನ ಚಕ್ರಕ್ಕೆ. ಕಾರು, ಲಾರಿ ಓಡಿಸಿ ಬಂದವರಿಗೆ ಕೈ ಕೊಡುವುದೇ ಇಲ್ಲಿ. ಮೂತಿ ತಿರುಗಿಸಲು ಹೋದರೆ ಬಾಲ ಬೀಸುತ್ತದೆ, ಫೋರ್ಕ್ ತುದಿ ಇನ್ನೊಂದು ಕಡೆ ಹೋಗುತ್ತದೆ. ಓರೆಯಾಗಿದ್ದರೆ ಹಿಂದೆ ಹೋಗಿ ಮತ್ತೆ ಬನ್ನಿ. ಅರ್ಧ ನಿಮಿಷ ಹೋಗುತ್ತದೆ, ಹೋಗಲಿ.

ಬ್ರೇಕ್ ಹಿಡಿದು ಎತ್ತಿ. ಕೆಳಗಿನ ಲೋಡಿನ ನೆತ್ತಿಗಿಂತ 10 ಸೆಂ.ಮೀ. ಮೇಲೆ ಬಂದರೆ ಸಾಕು. ಈಗ ಮಾಸ್ಟ್ ನೆಟ್ಟಗೆ ಮಾಡುತ್ತಾ, ಗಾಡಿಯನ್ನು ಇಂಚಿಂಚಾಗಿ ಸರಿಸುವ ಇಂಚಿಂಗ್ ಪೆಡಲ್ ಮೇಲೆ ಕಾಲಿಟ್ಟು ಮುಂದೆ. ಮೇಲಿನ ಪ್ಯಾಲೆಟ್ಟಿನ ಮೂಲೆ ಕೆಳಗಿನದರ ಮೂಲೆಯ ನೇರಕ್ಕೆ ಬರಬೇಕು. ಎರಡು ಕಡೆಯೂ ನೋಡಿ, ಒಂದೇ ಕಡೆ ನೋಡಿ ಇಳಿಸಬೇಡಿ. ಅನುಮಾನ ಬಂದರೆ ಗಾಡಿ ನ್ಯೂಟ್ರಲ್ ಮಾಡಿ ಜೊತೆಗಿರುವವನನ್ನು ಪಕ್ಕದಿಂದ ನೋಡೋಕೆ ಹೇಳಿ. ಪಕ್ಕದಿಂದ ಅಂದರೆ ಪಕ್ಕದಿಂದ, ಫೋರ್ಕಿನ ಅಡಿಯಲ್ಲಿ ಅಲ್ಲ. ಮೇಲೆ ಲೋಡ್ ಇರುವಾಗ ಅದರ ಕೆಳಗೆ ಒಂದು ಕೈ ಕೂಡ ಹೋಗಬಾರದು.

ಈಗ ಇಳಿಸುವುದು. ಲಿವರ್ ಪೂರ್ತಿ ಒತ್ತುವವನು ಆಪರೇಟರ್ ಅಲ್ಲ. ಬೆರಳ ತುದಿಯಲ್ಲಿ ಒತ್ತಿದರೆ ಎಣ್ಣೆ ಸಣ್ಣಗೆ ಬುಸ್ ಅನ್ನುತ್ತಾ ಇಳಿಯುತ್ತದೆ. ಪ್ಯಾಲೆಟ್ ತಾಗುವ ಹೊತ್ತಿಗೆ ಮರ ಕಿರ್ ಅನ್ನುತ್ತದೆ. ಆಮೇಲೆ ಸೀಟಿನಲ್ಲೇ ಗೊತ್ತಾಗುತ್ತದೆ, ಗಾಡಿಯ ಮುಂಭಾಗ ಒಂಚೂರು ಮೇಲೆ ಬರುತ್ತದೆ, ಮುಂದಿನ ಟೈರಿನ ಮೇಲಿದ್ದ ಭಾರ ಇಳಿಯಿತಲ್ಲ, ಅದಕ್ಕೆ. ಆಗ ನಿಲ್ಲಿಸಿ. ಒಂದು ಉಸಿರು ಬಿಡುವಷ್ಟು ಹೊತ್ತು ಸುಮ್ನೆ ನೋಡಿ. ಕೆಳಗಿನ ಪೆಟ್ಟಿಗೆಗಳು ಅದುಮಿಕೊಳ್ಳುತ್ತಿವೆಯಾ? ಸುತ್ತಿದ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಸುಕ್ಕು ಬರುತ್ತಿದೆಯಾ? ಬರುತ್ತಿದ್ದರೆ ಭಾರ ಇನ್ನೂ ಫೋರ್ಕಿನ ಮೇಲೆ ತೆಗೆದುಕೊಳ್ಳಬಹುದು. ಫೋರ್ಕ್ ಹೊರಗೆ ಎಳೆದ ಮೇಲೆ ಏನೂ ಮಾಡೋಕೆ ಆಗುವುದಿಲ್ಲ.

ಎಲ್ಲ ಸರಿ ಇದ್ದರೆ ಫೋರ್ಕ್ ಇನ್ನೊಂದಿಷ್ಟು ಇಳಿಸಿ, ಮೇಲೂ ತಾಗಬಾರದು ಕೆಳಗೂ ತಾಗಬಾರದು, ಗಾಳಿಯಲ್ಲಿರಬೇಕು. ಫೋರ್ಕ್ ಒಳಗೆ ಎಲ್ಲೋ ಸಿಕ್ಕಿಕೊಂಡು ನಿಂತಿದ್ದರೆ ಮಾಸ್ಟಿನ ಚೈನು ಸಡಿಲ ಬಿದ್ದು ಜೋಲುತ್ತದೆ. ಚೈನು ಜೋತದ್ದು ಕಂಡರೆ ಇಳಿಸುವುದು ನಿಲ್ಲಿಸಿ, ಮತ್ತೆ ಮೆಲ್ಲಗೆ ಎತ್ತಿ ಬಿಗಿ ಮಾಡಿಕೊಳ್ಳಿ. ಹಾಗೇ ಎಳೆದರೆ ಪ್ಯಾಲೆಟ್ ಕೂಡ ಜೊತೆಗೇ ಬರುತ್ತದೆ, ಇಲ್ಲದಿದ್ದರೆ ಫೋರ್ಕ್ ಥಟ್ಟನೆ ಕೆಳಗೆ ಬೀಳುತ್ತದೆ. ಆಮೇಲೆ ಹಿಂದೆ ತಿರುಗಿ ನೋಡಿ, ನೆಟ್ಟಗೆ ಹಿಂದಕ್ಕೆ. ಫೋರ್ಕಿನ ತುದಿ ಪೂರ್ತಿ ಹೊರಗೆ ಬರುವವರೆಗೆ ಸ್ಟೇರಿಂಗ್ ಮುಟ್ಟಬಾರದು. ತುದಿ ಇನ್ನೂ ಒಳಗಿರುವಾಗಲೇ ತಿರುಗಿಸಿ, ಈಗಷ್ಟೇ ಚೆನ್ನಾಗಿ ಇಟ್ಟ ಪ್ಯಾಲೆಟ್ಟನ್ನು ತಾವೇ ಎಳೆದು ಓರೆ ಮಾಡುವವರನ್ನು ದಿನಾ ನೋಡುತ್ತೇನೆ. ಊಟದ ಟೈಮಿಗೆ ಹತ್ತು ನಿಮಿಷ ಇದ್ದಾಗ ಇದು ಇನ್ನೂ ಜಾಸ್ತಿ.

ಫೋರ್ಕಿನ ಉದ್ದದ ಒಂದು ವಿಷಯ ಇದೆ. ಲೋಡಿನ ಆಳದ ಮೂರರಲ್ಲಿ ಎರಡು ಪಾಲಾದರೂ ಫೋರ್ಕ್ ಇರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಜಾಸ್ತಿ ಉದ್ದ ಇದ್ದರೆ ಏನಾಗುತ್ತದೆ ಅನ್ನುವುದು ಗೊತ್ತಿಲ್ಲ. ನಮ್ಮ ಗಾಡಿಗಳ ಫೋರ್ಕ್ 1220 ಮಿ.ಮೀ. ಪ್ಯಾಲೆಟ್ಟಿನ 1000ರ ಆಳಕ್ಕೆ ಬುಡದವರೆಗೂ ಹಾಕಿದರೆ ಆ ಕಡೆ 220 ಹೊರಗೆ ಚಾಚಿರುತ್ತದೆ. ಹಿಂದೆ ಇನ್ನೊಂದು ಸಾಲು ಇದ್ದರೆ ಆ ತುದಿ ಅಲ್ಲಿನ ಪ್ಯಾಲೆಟ್ಟಿನ ಒಳಗೆ ಹೋಗಿರುತ್ತದೆ. ಎತ್ತಿದರೆ ಹಿಂದಿನ ಪ್ಯಾಲೆಟ್ಟಿನ ಮುಂಭಾಗವೂ ಏಳುತ್ತದೆ, ಅದರ ಮೇಲಿನದೆಲ್ಲ ಹಿಂದಕ್ಕೆ ವಾಲುತ್ತದೆ. ನಿಮಗೆ ಸೀಟಿನಿಂದ ಅದು ಕಾಣುವುದೂ ಇಲ್ಲ.

ಇದಕ್ಕೆ ನಾವು ಮಾಡಿರುವುದು ಇಷ್ಟು. ಎರಡೂ ಫೋರ್ಕಿನ ಮೇಲೆ, ತುದಿಯಿಂದ 1000 ಮಿ.ಮೀ. ಅಳೆದು ಹಳದಿ ಗೆರೆ ಎಳೆದಿದ್ದೇವೆ. ಆ ಗೆರೆ ಪ್ಯಾಲೆಟ್ಟಿನ ಮುಂಭಾಗಕ್ಕೆ ಬಂದರೆ ತುದಿ ಆ ಕಡೆಯ ಅಂಚಿಗೆ ಬಂದಿದೆ ಅಂತ ಲೆಕ್ಕ. ಅಲ್ಲೇ ನಿಲ್ಲಿಸಿ, ಅಡಿಯಲ್ಲಿ ಒಂದು ಬಟ್ಟೆ ತೂರುವಷ್ಟು ಎತ್ತಿ, ಒಂದಡಿ ಹಿಂದಕ್ಕೆ ಎಳೆದುಕೊಂಡು ಮತ್ತೆ ಇಳಿಸಬೇಕು. ಈಗ ಹಿಂದಿನ ಸಾಲಿಗೂ ಇದಕ್ಕೂ ಜಾಗ ಆಯಿತು. ಈಗ ಬುಡದವರೆಗೂ ಫೋರ್ಕ್ ಹಾಕಿ, ಲೋಡನ್ನು ಫೋರ್ಕಿನ ಬೆನ್ನಿಗೆ ತಾಗಿಸಿ, ಎತ್ತಿ. ಎರಡು ಸಲ ಎತ್ತುವ ಈ ಕೆಲಸ ಹುಡುಗರಿಗೆ ಇಷ್ಟವಿಲ್ಲ. ಗೆರೆಯಲ್ಲೇ ನಿಲ್ಲಿಸಿ ಹಾಗೇ ಎತ್ತಿಕೊಂಡು ಹೋಗೋಣ ಅನ್ನುತ್ತಾರೆ. ಹೋಗಬಹುದು, ಆದರೆ ಆಗ ಲೋಡ್ 220 ಮಿ.ಮೀ. ದೂರ ನಿಂತಿರುತ್ತದೆ. ಮೇಲೆ ಹೇಳಿದ ಗುಣಾಕಾರ ಮತ್ತೆ ಮಾಡಿ ನೋಡಿ. ಫೋರ್ಕಿನ ಮಾತು ಬಂತು, ಅದರ ಮೊಣಕೈ ಜಾಗದ ದಪ್ಪವನ್ನೂ ಆಗಾಗ ಕ್ಯಾಲಿಪರ್ ಹಿಡಿದು ಅಳೆಯಿರಿ. 40 ಮಿ.ಮೀ. ಇದ್ದದ್ದು 36ಕ್ಕೆ ಬಂದರೆ ಆ ಫೋರ್ಕ್ ತೆಗೆಯಬೇಕು. ದಪ್ಪ ಶೇ 10 ಸವೆದರೆ ಬಲ ಸುಮಾರು ಶೇ 20 ಹೋಗಿರುತ್ತದೆ.

ಪೆಟ್ಟಿಗೆಗಳ ವಿಷಯಕ್ಕೆ ಬರೋಣ, ನನಗೆ ತುಂಬಾ ಜಗಳ ಆಗುವುದು ಇಲ್ಲೇ. ಇಟ್ಟಿಗೆ ಗೋಡೆ ಕಟ್ಟುವ ಹಾಗೆ ಒಂದರ ಮೇಲೊಂದು ಅಡ್ಡಡ್ಡ ಜೋಡಿಸಿದರೆ ಗಟ್ಟಿ ಅಂತ ಎಲ್ಲ ಹಮಾಲರೂ ನಂಬಿದ್ದಾರೆ. ಚೀಲಕ್ಕೆ ಅದು ಸರಿ. ಅಕ್ಕಿ ಚೀಲ, ಸಿಮೆಂಟ್ ಚೀಲ ಕಚ್ಚಿ ಕೂರಬೇಕು, ಐದು ಚೀಲದ ಸಾಲನ್ನು ಒಂದು ಸಲ ಹೀಗೆ, ಮುಂದಿನ ಸಲ ತಿರುಗಿಸಿ ಹಾಕಬೇಕು. ಆದರೆ ರಟ್ಟಿನ ಪೆಟ್ಟಿಗೆಯ ಬಲ ಇರುವುದು ಅದರ ನಾಲ್ಕು ಮೂಲೆಯಲ್ಲಿ. ಮೂಲೆಯ ಮೇಲೆ ಮೂಲೆ ಬಂದರೆ ಭಾರ ನೇರ ಕೆಳಗೆ ಇಳಿಯುತ್ತದೆ. ಅಡ್ಡಡ್ಡ ಹಾಕಿದರೆ ಮೇಲಿನ ಪೆಟ್ಟಿಗೆಯ ಮೂಲೆ ಕೆಳಗಿನದರ ಹೊಟ್ಟೆಯ ಮೇಲೆ ಕೂರುತ್ತದೆ. ಪೆಟ್ಟಿಗೆ ಪ್ಯಾಲೆಟ್ಟಿನ ಅಂಚಿನಿಂದ ಎರಡು ಬೆರಳು ಹೊರಗೆ ಚಾಚಿದರೂ ಹಾಗೇ, ಆ ಕಡೆಯ ಎರಡು ಮೂಲೆಗೆ ಕೆಳಗೆ ಆಧಾರವೇ ಇಲ್ಲ. ನಾನು ಹೇಳುವುದು ನೇರ ಜೋಡಿಸಿ, ಮೇಲಿನ ಒಂದು ಸಾಲು ಮಾತ್ರ ಅಡ್ಡ ಹಾಕಿ, ಸುತ್ತ ಪ್ಲಾಸ್ಟಿಕ್ ಸುತ್ತಿ. ಸುತ್ತುವಾಗ ಮೊದಲ ಎರಡು ಸುತ್ತು ಪ್ಯಾಲೆಟ್ಟಿನ ಮರವನ್ನೂ ಹಿಡಿಯಬೇಕು. ಬರೀ ಪೆಟ್ಟಿಗೆಗೆ ಸುತ್ತಿದರೆ ಇಡೀ ಕಟ್ಟು ಒಟ್ಟಿಗೇ ಜಾರುತ್ತದೆ, ಇನ್ನೂ ಚೆನ್ನಾಗಾಯಿತು!

ಮಳೆಗಾಲದಲ್ಲಿ ರಟ್ಟು ಗಾಳಿಯ ತೇವ ಕುಡಿಯುತ್ತದೆ. ಒದ್ದೆ ಅಂತ ಕೈಗೆ ಗೊತ್ತಾಗದಿದ್ದರೂ ಬಲ ಇಳಿದಿರುತ್ತದೆ. ನಾನು ಮೊದಲು ಕೆಲಸ ಮಾಡುತ್ತಿದ್ದ ಗೋಡೌನಿನಲ್ಲಿ ಜುಲೈ ತಿಂಗಳು ಸೋಪಿನ ಪೆಟ್ಟಿಗೆ ಮೂರು ಹಂತ ಇಟ್ಟಿದ್ದರು. ಬೇಸಿಗೆಯಲ್ಲೂ ಅದೇ ಮೂರು ಹಂತ ಇಡುತ್ತಿದ್ದರು, ಏನೂ ಆಗಿರಲಿಲ್ಲ. ಶನಿವಾರ ಸಂಜೆ ಕೆಳಗಿನ ಸಾಲು ಹೊಟ್ಟೆ ಉಬ್ಬಿದ್ದು ಕಂಡು ಒಬ್ಬ ಹಮಾಲ ಹೇಳಿದ್ದ. ಸೋಮವಾರ ನೋಡೋಣ ಅಂದರು ಮೇಲಿನವರು. ಸೋಮವಾರ ಶಟರ್ ತೆಗೆದಾಗ ಓಣಿ ತುಂಬಾ ಸೋಪು. ಭಾನುವಾರ ಬಿದ್ದಿತ್ತು, ಒಳಗೆ ಯಾರೂ ಇರಲಿಲ್ಲ, ಬಚಾವ್. ವರದಿಯಲ್ಲಿ ಬರೆದದ್ದು "ಆಪರೇಟರ್ ಅಜಾಗರೂಕತೆ" ಅಂತ. ಆ ಆಪರೇಟರ್ ಇಟ್ಟು ಹತ್ತಿರ ಹತ್ತಿರ ಎರಡು ವಾರ ಆಗಿತ್ತು.

ಅಲ್ಲಿಂದೀಚೆಗೆ ನನ್ನ ಜೇಬಿನಲ್ಲಿ ಗಾರೆ ಕೆಲಸದವರ ತೂಗುಗುಂಡು ಇರುತ್ತದೆ. ಹಿತ್ತಾಳೆಯದು, ದಾರದ ಸಮೇತ. ದಿನಾ ಒಂದು ಸುತ್ತು ಹೋಗುವಾಗ ಯಾವ ಸ್ಟ್ಯಾಕ್ ಮೇಲೆ ಅನುಮಾನವೋ ಅದರ ಪಕ್ಕ ದಾರ ಹಿಡಿಯುತ್ತೇನೆ. ಕಣ್ಣಿಗೆ ನೆಟ್ಟಗೆ ಕಂಡದ್ದು ದಾರದ ಪಕ್ಕ ನಾಲ್ಕು ಬೆರಳು ವಾಲಿರುತ್ತದೆ. ಜಾಗದಲ್ಲೇ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇನೆ. ಮಾರನೇ ದಿನ ಇನ್ನೂ ಸರಿದಿದ್ದರೆ ಇಳಿಸಿ ಮತ್ತೆ ಕಟ್ಟಿಸುತ್ತೇನೆ. ಹುಡುಗರು ಹಿಂದಿನಿಂದ 'ಮೇಸ್ತ್ರಿ' ಅನ್ನುತ್ತಾರೆ, ಅನ್ನಲಿ ಬಿಡಿ.

ಚೀಲ ಕೂಡ ಸಾಧು ಅಲ್ಲ. 25 ಕೆ.ಜಿ. ಅಕ್ಕಿ ಚೀಲ 40 ಹಾಕಿದರೆ ಒಂದು ಟನ್. ಮೂರು ಹಂತ ಇಟ್ಟರೆ ಅಡಿಯ ಪ್ಯಾಲೆಟ್ಟಿನ ಮೇಲೆ ಮೂರು ಟನ್, ಮೇಲಿನ ಪ್ಯಾಲೆಟ್‌ಗಳ ಮರದ ತೂಕ ಬೇರೆ. ಇಟ್ಟ ಮೇಲೆ ಚೀಲ ಕೂರುತ್ತದೆ, ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ. ಹಾಗಾಗಿ ಕೆಳಗಿನದರ ನೆತ್ತಿ ಸಪಾಟು ಇಲ್ಲದಿದ್ದರೆ ನಾನು ಮೇಲೆ ಇಡೋಕೆ ಬಿಡುವುದಿಲ್ಲ. ಸಿಮೆಂಟ್ ಚೀಲ ಹತ್ತಕ್ಕಿಂತ ಎತ್ತರ ಪೇರಿಸಬಾರದು ಅನ್ನುವುದು ಹಳೇ ನಿಯಮ, ಭಾರಕ್ಕೆ ಅಡಿಯ ಸಿಮೆಂಟ್ ಗಟ್ಟಿಯಾಗುತ್ತದೆ ಅಂತ. ಡ್ರಮ್ಮುಗಳ ಎರಡು ಹಂತದ ನಡುವೆ ಪ್ಲೈವುಡ್ ಹಾಳೆ ಹಾಕಿ. ಜಂಬೋ ಬ್ಯಾಗ್ ಅರ್ಧ ತುಂಬಿದ್ದರೆ ಅದರ ಮೇಲೆ ಏನೂ ಬೇಡ.

ರ‍್ಯಾಕ್ ಇದ್ದರೆ ಈ ತಲೆನೋವಿಲ್ಲ ಅಂದುಕೊಳ್ಳುತ್ತಾರೆ. ತಲೆನೋವು ಬೇರೆ ಕಡೆ ಹೋಗುತ್ತದೆ, ಅಷ್ಟೆ. ನಮ್ಮ ಬೀಮು 2300 ಮಿ.ಮೀ. ಎರಡು ಪ್ಯಾಲೆಟ್ 1000ರ ಮೂತಿಯಲ್ಲಿ, ನಡುವೆ ಮತ್ತು ಎರಡೂ ಬದಿ 100 ಬಿಟ್ಟು. ಲೋಡ್ ಇಟ್ಟಾಗ ಬೀಮು ಬಾಗುವುದು ಸಹಜ, ಆದರೆ ಉದ್ದದ ಇನ್ನೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬಾಗಬಾರದು. ಅಂದರೆ ನಮ್ಮಲ್ಲಿ ಹನ್ನೊಂದೂವರೆ ಮಿ.ಮೀ. ಲೋಡ್ ತೆಗೆದ ಮೇಲೂ ಬಾಗಿದ ಹಾಗೇ ಇದ್ದರೆ ಆ ಬೀಮಿನ ಕತೆ ಮುಗಿಯಿತು. ಬೀಮಿನ ಎರಡೂ ತುದಿಯಲ್ಲಿ ಸಣ್ಣ ಲಾಕ್ ಪಿನ್ ಇರುತ್ತದೆ. ಅದು ಇಲ್ಲದಿದ್ದರೆ, ಫೋರ್ಕ್ ಎತ್ತುವಾಗ ಬೀಮಿಗೆ ಅಡಿಯಿಂದ ತಾಗಿದರೆ ಸಾಕು, ಬೀಮು ಕಂಬದ ಕೊಂಡಿಯಿಂದ ಎದ್ದು ಬರುತ್ತದೆ. ಎರಡು ರೂಪಾಯಿಯ ವಸ್ತು ಅಂತ ಕಾಣುತ್ತದೆ, ಎರಡು ಟನ್ ಹಿಡಿದಿರುವುದು ಅದೇ.

ಇನ್ನು ಕಂಬದ ಬುಡ. ಗಾಡಿಯ ಬಾಲ ಬೀಸಿದಾಗ ತಾಗುವುದು ಅಲ್ಲಿಗೆ. ಸಣ್ಣ ಗುಳಿ ಬಿದ್ದಿರುತ್ತದೆ, ಬಣ್ಣ ಹಾರಿರುತ್ತದೆ, ಯಾರೂ ಹೇಳುವುದಿಲ್ಲ, ಬೈಗುಳ ಬೀಳುತ್ತದೆ ಅಂತ. ಅದಕ್ಕೇ ನಾನು ಒಂದು ಮಾತು ಕೊಟ್ಟಿದ್ದೇನೆ. ತಾಗಿಸಿದ್ದು ಹೇಳಿದವನಿಗೆ ಬೈಯುವುದಿಲ್ಲ. ಹೇಳದೇ ಸಿಕ್ಕಿಬಿದ್ದವನಿಗೆ ಗಾಡಿ ಇಲ್ಲ. ಗುಳಿ ಬಿದ್ದ ಕಂಬದ ಆ ಭಾಗ ಖಾಲಿ ಮಾಡಿಸಿ, ಟೇಪ್ ಕಟ್ಟಿಸಿ, ರ‍್ಯಾಕ್ ಹಾಕಿದವರನ್ನು ಕರೆಸುತ್ತೇವೆ. ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡುವ ಕೆಲಸ ಇಲ್ಲಿ ನಡೆಯುವುದಿಲ್ಲ.

ಸ್ಟಾಕ್ ಎಣಿಸೋಕೆ ಆಫೀಸಿನಿಂದ ಬಂದವರು "ಒಂದು ಪ್ಯಾಲೆಟ್ ಮೇಲೆ ನಿಂತ್ಕೋತೀನಿ, ಮೇಲೆ ಎತ್ತಿ" ಅಂತ ಕೇಳುತ್ತಾರೆ. ಎಷ್ಟೇ ದೊಡ್ಡವರಾದರೂ ಇಲ್ಲ ಅಂದುಬಿಡಿ. ನಮ್ಮ ಹುಡುಗರಿಗೆ ನಾನು ಹೇಳಿಕೊಟ್ಟಿರುವ ಉತ್ತರ, "ಸರ್, ಲೋಡ್ ಅನ್ನೇ ಕೆಳಗೆ ತರ್ತೀನಿ, ನೀವು ಚೇರ್ ಮೇಲೆ ಕೂತು ಎಣಿಸಿ". ಅದಕ್ಕೆ ಯಾರೂ ಕೋಪ ಮಾಡಿಕೊಂಡಿಲ್ಲ.

ಗಾಡಿ ಮಗುಚುತ್ತಿದೆ ಅನ್ನಿಸಿದಾಗ ಹಾರುವುದು ಎಲ್ಲರ ಮೊದಲ ಯೋಚನೆ. ಹಾರಿದವನು ಬೀಳುವುದು ಗಾಡಿ ಬೀಳುವ ಕಡೆಗೇ, ಗಾಡಿಯ ಮೇಲಿನ ಚಾವಣಿಯ ಅಡಿಗೆ. ಬೆಲ್ಟ್ ಹಾಕಿರಬೇಕು, ಸ್ಟೇರಿಂಗ್ ಬಿಗಿಯಾಗಿ ಹಿಡಿದು, ಕಾಲು ಊರಿ, ಬೀಳುವ ದಿಕ್ಕಿನ ಎದುರು ಕಡೆಗೆ ವಾಲಿ ಕೂರಬೇಕು. ಬೆಲ್ಟ್ ಹಾಕದ ಆಪರೇಟರಿಗೆ ನಮ್ಮಲ್ಲಿ ಆವತ್ತು ಹ್ಯಾಂಡ್ ಪ್ಯಾಲೆಟ್ ಎಳೆಯುವ ಕೆಲಸ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಸಮಸ್ಯೆ ಆಪರೇಟರ್ ಕೈಯಲ್ಲಿ ಇಲ್ಲ. ದಸರಾ, ದೀಪಾವಳಿ ಬಂದರೆ ಮಾಲು ದುಪ್ಪಟ್ಟು, ಜಾಗ ಅಷ್ಟೇ. ಫೋನ್ ಬರುತ್ತದೆ, "ಮೇಲೆ ಇನ್ನೊಂದು ಹಾಕಿಸ್ರೀ, ನಾಲ್ಕು ದಿನದ ಮಾತು". ಹೇಳುವವರು ಎಸಿ ರೂಮಿನಲ್ಲಿರುತ್ತಾರೆ. ಅವರಿಗೆ ಕಾಣುವುದು ಸ್ಟ್ಯಾಕಿನ ಮೇಲಿನ ಖಾಲಿ ಜಾಗ. ಮಾಡಿನಿಂದ ಇಳಿಬಿದ್ದ ಸ್ಪ್ರಿಂಕ್ಲರ್ ಕೆಳಗೆ ಅರ್ಧ ಮೀಟರಾದರೂ ಖಾಲಿ ಬಿಡಬೇಕು, ಬೆಂಕಿ ಬಿದ್ದರೆ ನೀರು ಹರಡೋಕೆ. ಅದೂ ಅವರಿಗೆ ಖಾಲಿ ಜಾಗವೇ.

ಬಾಯಿಮಾತಿನಲ್ಲಿ ಜಗಳ ಆಡಿ ನನಗೂ ಸಾಕಾಗಿತ್ತು. ಕೊನೆಗೆ ಪ್ರತಿ ಮಾಲಿಗೂ ಎಷ್ಟು ಹಂತ ಅಂತ ಆ ಮಾಲಿನವರ ಹತ್ತಿರವೇ ಬರೆಸಿಕೊಂಡೆ. ಪೆಟ್ಟಿಗೆ ಮೇಲೆ ಎಷ್ಟು ಪೇರಿಸಬಹುದು ಅನ್ನುವ ಗುರುತು ಮುದ್ರಿಸಿಯೇ ಇರುತ್ತಾರೆ, ಅದರಲ್ಲಿ ಅಂಕಿ ಇರುತ್ತದೆ, ನೋಡುವವರು ಬೇಕಷ್ಟೆ. ಆ ಅಂಕಿಯ ಪ್ರಕಾರ ಪ್ರತಿ ಓಣಿಯ ಗೋಡೆಯ ಮೇಲೆ ಕೆಂಪು ಪಟ್ಟಿ ಎಳೆಸಿದೆ. ಮಳೆಗಾಲಕ್ಕೆ ಅದಕ್ಕಿಂತ ಒಂದು ಹಂತ ಕೆಳಗೆ ನೀಲಿ ಪಟ್ಟಿ. ಈಗ ಫೋನ್ ಬಂದರೆ "ಪಟ್ಟಿ ದಾಟುತ್ತೆ ಸರ್, ಇ-ಮೇಲ್ ಕಳಿಸಿ, ಹಾಕ್ತೀನಿ" ಅನ್ನುತ್ತೇನೆ. ಇವತ್ತಿನವರೆಗೆ ಒಬ್ಬರೂ ಇ-ಮೇಲ್ ಕಳಿಸಿಲ್ಲ. ಪಕ್ಕದ ರಸ್ತೆಯ ಗೋಡೌನ್ ಬಾಡಿಗೆಗೆ ಸಿಗುತ್ತದಾ ಅಂತ ವಿಚಾರಿಸೋಕೆ ಶುರು ಮಾಡಿದ್ದಾರೆ.